ಹುಬ್ಬಿಗೆ ಮೇಣ ಹಚ್ಚುವ ಮುನ್ನ

ಪಿಯುಸಿ ಮುಗಿಸಿದ ಮಗಳು ‘ಬ್ಯೂಟಿ ಪಾರ್ಲರ್ ಕೆಲಸ ಕಲಿಯುತ್ತೇನೆ’ ಎಂದರೆ ದೊಡ್ಡಬೆಳವಂಗಲದಂಥ ಹೋಬಳಿ ಊರಿನಲ್ಲಿ ಮೊದಲು ಗಂಟಿಕ್ಕುವುದು ಹೆತ್ತವರ ಹುಬ್ಬು. ಇಷ್ಟು ವರ್ಷ ಓದಿಸಿದ್ದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು ಎಂಬ ಕೊರಗು ಅವರದು. ಆದರೆ ಹುಬ್ಬು ತಿದ್ದುವ ಕೆಲಸಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಅವು ತಲೆಯಲ್ಲಿಲ್ಲದೆ ಬರೀ ಕೈಚಳಕ ನಂಬಿ ಹೊರಟರೆ ಸುಡುವುದು ಕಣ್ಣಿನಿಂದ ಒಂದು ಬೆರಳು ದೂರದ ಚರ್ಮ.

ನಮ್ಮ ಕಡೆ ಹುಬ್ಬೆಂದರೆ ಇಂದಿಗೂ ಹೆಚ್ಚಾಗಿ ದಾರವೇ. ಹತ್ತಿಯ ದಾರವನ್ನು ಹೊಸೆದು ಕೂದಲು ಕೀಳುವ ‘ತ್ರೆಡಿಂಗ್’ ಎಲ್ಲ ಪಾರ್ಲರುಗಳಲ್ಲೂ ಉಂಟು. ಮೇಣದ ‘ವ್ಯಾಕ್ಸಿಂಗ್’ ಕೈಕಾಲುಗಳಿಂದ ಹುಬ್ಬಿಗೆ ಏರಿದ್ದು ಆಮೇಲೆ. ಮದುವೆ ಕಾಲದಲ್ಲಿ ಅದನ್ನು ಕೇಳಿಕೊಂಡು ಬರುವವರು ಹಳ್ಳಿಗಳಲ್ಲೂ ಇದ್ದಾರೆ.

ಮೊದಲು ಕೂದಲಿನ ವಿಚಾರ. ಬೆವರು ಕಣ್ಣಿಗೆ ಇಳಿಯದಂತೆ ಪಕ್ಕಕ್ಕೆ ತಿರುಗಿಸುವುದು ಹುಬ್ಬಿನ ಕೆಲಸ. ತಲೆಗೂದಲು ಎರಡರಿಂದ ಆರು ವರ್ಷ ಬೆಳೆದರೆ, ಹುಬ್ಬಿನ ಕೂದಲು ಬೆಳೆಯುವುದು ಒಂದೆರಡು ತಿಂಗಳು ಮಾತ್ರ. ಆಮೇಲೆ ಅದು ವಿಶ್ರಾಂತಿಗೆ ಹೋಗುತ್ತದೆ. ಹುಬ್ಬು ಮಾರುದ್ದ ಬೆಳೆಯದಿರುವುದು ಇದರಿಂದಲೇ. ಎಲ್ಲ ಕೂದಲೂ ಒಂದೇ ಹಂತದಲ್ಲಿರುವುದಿಲ್ಲ. ಇಂದು ಚರ್ಮದೊಳಗಿದ್ದದ್ದು ಇನ್ನೆರಡು ವಾರಕ್ಕೆ ತಲೆ ಎತ್ತುತ್ತದೆ. ‘ನೀನು ಸರಿಯಾಗಿ ತೆಗೆದಿಲ್ಲ ಕಣಮ್ಮಾ’ ಎಂದು ಗಿರಾಕಿ ಮರಳಿ ಬಂದರೆ, ತಪ್ಪು ಕೈಯದಲ್ಲ ಎಂದು ವಿವರಿಸಲು ಕಲಿಯುವವಳಿಗೆ ಇಷ್ಟು ಗೊತ್ತಿರಬೇಕು. ಮತ್ತೆ ಮತ್ತೆ ಬುಡಸಮೇತ ಕಿತ್ತ ಜಾಗದಲ್ಲಿ ಕೆಲವೊಮ್ಮೆ ಕೂದಲು ಹುಟ್ಟುವುದೇ ಇಲ್ಲ. ಆದ್ದರಿಂದ ತೆಗೆಯುವುದರಲ್ಲಿ ಜಿಪುಣತನವೇ ಒಳ್ಳೆಯದು.

ಇನ್ನು ಮೇಣ. ಮನೆಯಲ್ಲಿ ಮಾಡುವ ಸಕ್ಕರೆ ವ್ಯಾಕ್ಸ್ ನಮ್ಮ ಅಡುಗೆಮನೆಯ ಪಾಕದ ತಂಗಿ. ನಿಂಬೆರಸದ ಆಮ್ಲ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆಯುತ್ತದೆ. ಹಾಗಾಗಿ ಪಾಕ ಹರಳುಗಟ್ಟದೆ ಅಂಟಾಗಿ ಉಳಿಯುತ್ತದೆ. ಡಬ್ಬಿಯಲ್ಲಿ ಬರುವ ವ್ಯಾಕ್ಸುಗಳಲ್ಲಿ ಅನೇಕವು ಪೈನ್ ಮರದ ರಾಳ ಮತ್ತು ಜೇನುಮೇಣದವು. ರಾಳ ಕೆಲವರಿಗೆ ಅಲರ್ಜಿ ತರುತ್ತದೆ. ಹಿಂದಿನ ದಿನವೇ ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ನೋಡುವುದು ಆ ಕಾರಣಕ್ಕೆ. ಅಂಟಿ ಉಳಿದ ರಾಳದ ವ್ಯಾಕ್ಸ್ ನೀರಿಗೆ ಬಗ್ಗದು. ಒಂದು ತೊಟ್ಟು ಕೊಬ್ಬರಿ ಎಣ್ಣೆಗೆ ಬಗ್ಗುತ್ತದೆ. ಸಕ್ಕರೆಯದು ಉಗುರು ಬೆಚ್ಚಗಿನ ನೀರಿಗೇ ಕರಗುತ್ತದೆ.

ಅಪಾಯವಿರುವುದು ಬಿಸಿಯಲ್ಲಿ. 60 ಡಿಗ್ರಿ ಸೆಲ್ಸಿಯಸ್ಸಿನ ನೀರು ಕೂಡ ಸುಮಾರು ಐದು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನು ಸುಡಬಲ್ಲದು. ನೀರಾದರೆ ಜಾರಿಹೋಗುತ್ತದೆ, ವ್ಯಾಕ್ಸ್ ಅಂಟಿಕೊಂಡೇ ಸುಡುತ್ತದೆ. ವ್ಯಾಕ್ಸಿನಲ್ಲಿ ಶಾಖ ನಿಧಾನವಾಗಿ ಹರಿಯುವುದರಿಂದ ಮೇಲೆ ಕೆನೆಗಟ್ಟಿದಂತೆ ಕಂಡರೂ ತಳದಲ್ಲಿ ಕುದಿಯುವ ಬಿಸಿ ಇರಬಹುದು. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಹೀಟರಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬಾರದು. ಚೆನ್ನಾಗಿ ಕಲಕಿ, ತನ್ನ ಮಣಿಕಟ್ಟಿನ ಒಳಬದಿಗೆ ಹಚ್ಚಿಕೊಂಡು ನೋಡಬೇಕು. ಅದು ಗಟ್ಟಿ ಜೇನಿನ ಹದದಲ್ಲಿ, ಬರೀ ಬೆಚ್ಚಗೆ ಇರಬೇಕು.

ಆಕಾರಕ್ಕೆ ಒಂದು ಉದ್ದನೆಯ ಕಡ್ಡಿ ಸಾಕು. ಮೂಗಿನ ಹೊಳ್ಳೆಯ ಪಕ್ಕದಿಂದ ನೇರ ಮೇಲಕ್ಕೆ ಹಿಡಿದರೆ ಹುಬ್ಬಿನ ಆರಂಭ, ಕಣ್ಣುಪಾಪೆಯ ಮೇಲೆ ಹಾಯಿಸಿದರೆ ಕಮಾನಿನ ಎತ್ತರ, ಕಣ್ಣಿನ ಹೊರತುದಿಗೆ ತಾಗಿಸಿದರೆ ಬಾಲದ ಕೊನೆ. ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ, ಅದರ ಹೊರಗಿನದಕ್ಕೆ ಮಾತ್ರ ಕೈ ಹಾಕಬೇಕು. ಕೂದಲು ಬೆಳೆದ ದಿಕ್ಕಿಗೆ ತೆಳ್ಳಗೆ ಹಚ್ಚಿ, ಬಟ್ಟೆಪಟ್ಟಿ ಒತ್ತಿ, ಎದುರು ದಿಕ್ಕಿಗೆ ಎಳೆಯುವುದು ಕ್ರಮ. ಎಳೆತ ಚರ್ಮಕ್ಕೆ ಸಮಾನಾಂತರವಾಗಿರಲಿ. ಮೇಲಕ್ಕೆತ್ತಿ ಎಳೆದರೆ ಬಲವೆಲ್ಲ ಚರ್ಮವನ್ನೇ ಎತ್ತುತ್ತದೆ. ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು. ಒಂದು ಜಾಗಕ್ಕೆ ಒಂದೇ ಸಲ. ಉಳಿದ ಒಂಟಿ ಕೂದಲಿಗೆ ಚಿಮುಟ. ಒಬ್ಬರ ಮುಖ ಮುಟ್ಟಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದುವುದೆಂದರೆ ರೋಗವನ್ನು ಹಂಚಿದ ಹಾಗೆ.

ಇಷ್ಟೆಲ್ಲ ಕಲಿತವಳೂ ಎಡವುವುದು ಒಂದು ಪ್ರಶ್ನೆ ಕೇಳದೆ. ‘ಅಕ್ಕಾ, ಮುಖಕ್ಕೆ ಏನು ಕ್ರೀಮ್ ಹಚ್ತಿದ್ದೀರಾ?’ ಮೊಡವೆಗೆಂದು ಕೊಡುವ ಟ್ರೆಟಿನಾಯಿನ್, ಅಡಾಪಲೀನ್ ಮುಲಾಮುಗಳು ಹೊರಚರ್ಮದ ಕೋಶಗಳ ಹಿಡಿತವನ್ನು ಸಡಿಲಿಸುತ್ತವೆ. ಅಂಥ ಮುಖಕ್ಕೆ ವ್ಯಾಕ್ಸ್ ಹಾಕಿ ಎಳೆದರೆ ಕೂದಲಿನೊಂದಿಗೆ ಚರ್ಮದ ಪದರವೂ ಕಿತ್ತುಬರುತ್ತದೆ. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವವರು ಅದನ್ನು ನಿಲ್ಲಿಸಿ ಆರು ತಿಂಗಳಾಗುವವರೆಗೆ ವ್ಯಾಕ್ಸಿಂಗ್‌ಗೆ ಹೋಗಬಾರದು. ಇನ್ನೂ ಮೋಸದ್ದು ‘ಬೆಳ್ಳಗಾಗುವ ಕ್ರೀಮ್’. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚುವ ಕೆಲವು ಟ್ಯೂಬುಗಳಲ್ಲಿ ಟ್ರೆಟಿನಾಯಿನ್ ಜೊತೆಗೆ ಚರ್ಮವನ್ನು ತೆಳ್ಳಗಾಗಿಸುವ ಸ್ಟೀರಾಯ್ಡ್ ಕೂಡ ಇರುತ್ತದೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ತಂದರೂ ಅವು ಮನೆಮನೆಯ ಕನ್ನಡಿ ಮುಂದೆ ಕುಳಿತಿವೆ. ಮದುವೆಗೆ ಎರಡು ದಿನವಿರುವಾಗ ಬರುವ ಹುಡುಗಿ ಇಂಥದ್ದನ್ನು ಹಚ್ಚುತ್ತಿರುವ ಸಂಭವವೇ ಹೆಚ್ಚು. ಟ್ಯೂಬಿನ ಹೆಸರು ಕೇಳಿ, ಸಾಧ್ಯವಾದರೆ ತರಿಸಿ ಓದಿ, ಅನುಮಾನವಿದ್ದರೆ ‘ಇವತ್ತು ವ್ಯಾಕ್ಸ್ ಬೇಡ, ನಿಮ್ಮ ಡಾಕ್ಟರನ್ನು ಕೇಳಿ’ ಎಂದು ಗಿರಾಕಿಯನ್ನು ಕಳುಹಿಸಬೇಕು. ಆ ದಿನದ ದುಡ್ಡು ಹೋಗುತ್ತದೆ ನಿಜ. ವಧುವಿನ ಕಣ್ಣ ಮೇಲೆ ಕೆಂಪು ಗಾಯವಾದರೆ ಹೋಗುವುದು ಅಂಗಡಿಯೇ. ಸಕ್ಕರೆ ಕಾಯಿಲೆಯವರು, ಕಣ್ಣಿನ ಸುತ್ತ ಗಾಯ ಅಥವಾ ಸೋಂಕು ಇರುವವರ ವಿಷಯದಲ್ಲೂ ಇದೇ ಎಚ್ಚರ. ಎಷ್ಟು ಜಾಗರೂಕತೆ ಇದ್ದರೂ ಸುಟ್ಟಿತೆಂದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು, ಟೂತ್‌ಪೇಸ್ಟ್ ಬಳಿಯಬಾರದು. ಕಣ್ಣಿಗೇ ಬಿದ್ದರೆ ನೇರ ಆಸ್ಪತ್ರೆ.

ಕಲಿಯಲು ದೂರ ಹೋಗಬೇಕಿಲ್ಲ. ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎರಡು ಬ್ಯಾಂಕುಗಳ ಜೊತೆಗೂಡಿ ಹುಟ್ಟಿದ ಈ ಸಂಸ್ಥೆ, ಊಟ ವಸತಿ ಕೊಟ್ಟು ಉಚಿತವಾಗಿ ಸ್ವ ಉದ್ಯೋಗ ಕಲಿಸುತ್ತದೆ. ಪಾರ್ಲರ್ ಕೆಲಸವೂ ಅದರಲ್ಲಿ ಸೇರಿದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಗಳ ಪಠ್ಯದಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ವಿಭಾಗವೂ ಉಂಟು.

ತರಬೇತಿ ಮುಗಿಸಿ ಊರಿಗೆ ಬಂದವಳು ಮೊದಲ ದಿನವೇ ಹುಬ್ಬಿಗೆ ಕೈ ಹಾಕುವುದು ಬೇಡ. ಮೊದಲು ತನ್ನ ಎಡಗೈ, ಆಮೇಲೆ ಅಕ್ಕತಂಗಿಯರ ಕಾಲು. ಅವರ ಬೈಗುಳ ನಿಂತ ಮೇಲೆ ಹುಬ್ಬಿನ ಸರದಿ.