ವೈರಸ್ಸಿಗೆ ವೈರಸ್ಸನ್ನೇ ಕಟ್ಟುವ ಕಿರುಪ್ರೋಟೀನು

ಕೊರೋನಾ ವೈರಸ್ಸು ಜೀವಕೋಶವನ್ನು ಹೊಗಬೇಕಾದರೆ ತನ್ನ ಮೈಮೇಲಿನ ಮುಳ್ಳುಪ್ರೋಟೀನನ್ನು ಕೋಶದ ಏಸ್-2 ಗ್ರಾಹಿಗೆ ತಗುಲಿಸಬೇಕು. ಪ್ರತಿಕಾಯಗಳು ಈ ತಾಣವನ್ನು ಮುಚ್ಚಬಲ್ಲವು. ಆದರೆ ಅವು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳುಳ್ಳ ದೊಡ್ಡ ಅಣುಗಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ ಚಟರ್ಜಿ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಎಸ್‌ಐಎಚ್-5 ಎಂಬ ಕಿರುಪ್ರೋಟೀನು ಬರಿದೇ ಮುಚ್ಚಿ ಸುಮ್ಮನಾಗುವುದಿಲ್ಲ. ಇದರ ಆಕಾರ ಹೇರ್‌ಪಿನ್ನಿನದು: ಎರಡು ಸುರುಳಿಗಳು, ನಡುವೆ ಒಂದು ಬಾಗು. ಇಂಥ ಎರಡು ಅಣುಗಳು ಜೊತೆಗೂಡುವುದರಿಂದ ಹಿಡಿಯುವ ಮುಖಗಳೂ ಎರಡಾಗುತ್ತವೆ. ಒಂದು ಮುಖ ಒಂದು ವೈರಸ್ಸಿನ ಮುಳ್ಳನ್ನೂ ಇನ್ನೊಂದು ಮುಖ ಮತ್ತೊಂದರ ಮುಳ್ಳನ್ನೂ ಹಿಡಿದರೆ ಕಣಗಳೇ ಪರಸ್ಪರ ಅಂಟಿಕೊಂಡು ನಿಷ್ಕ್ರಿಯವಾಗುತ್ತವೆ. ಇದನ್ನು ಕೊಟ್ಟ ಹ್ಯಾಮ್‌ಸ್ಟರ್‌ಗಳು ಸೋಂಕು ತಗುಲಿಸಿದರೂ ತೂಕ ಕಳೆದುಕೊಳ್ಳಲಿಲ್ಲ. ಶ್ವಾಸಕೋಶದ ಹಾನಿಯೂ ಕಡಿಮೆ.

ಕೊಠಡಿಯ ತಾಪದಲ್ಲೂ ಇದು ತಿಂಗಳುಗಟ್ಟಲೆ ಕೆಡುವುದಿಲ್ಲ. ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಲಸಿಕೆಯ ತಂಪುಪೆಟ್ಟಿಗೆ ಹೊತ್ತವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ಹ್ಯಾಮ್‌ಸ್ಟರ್ ಮನುಷ್ಯನಲ್ಲ. ನಮಗೆಷ್ಟು ಸುರಕ್ಷಿತ ಎಂಬುದನ್ನು ಬೇರೆ ಪರೀಕ್ಷೆಗಳೇ ತೀರ್ಮಾನಿಸಬೇಕು.