ಉದ್ರಿಯೂ ಬೆಲೆಯೂ: ಐದು ತಾಲ್ಲೂಕುಗಳ ಊರ ಅಂಗಡಿ

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಊರ ಅಂಗಡಿಯ ಬೆಲೆ ಪೇಟೆಗಿಂತ ಹೆಚ್ಚೆಂಬ ದೂರು ಹೊಸದಲ್ಲ. ಆ ಹೆಚ್ಚಳವೆಲ್ಲವೂ ಲಾಭವೆಂದೆಣಿಸುವುದನ್ನು ನಾವು ಒಪ್ಪಲಾರೆವು. ಬಹುಪಾಲು ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಜೋಳ, ಶೇಂಗಾ ಕೈಗೆ ಬರುವವರೆಗೆ ರೈತನಿಗೆ ಎಣ್ಣೆ, ಬೆಲ್ಲಗಳನ್ನು ಉದ್ರಿ ಕೊಡುವವನು ಊರ ಅಂಗಡಿಯವನೇ. ಸಂತೆಯಲ್ಲಿ ರೊಕ್ಕವಿಲ್ಲದೆ ಸರಕಿಲ್ಲ. ಆದ್ದರಿಂದ ಬೆಲೆಯಲ್ಲಿ ಬಡ್ಡಿಯೂ, ಮಳೆ ಕೈಕೊಟ್ಟರೆ ಮುಳುಗುವ ಬಾಕಿಯ ಭಯವೂ ಅಡಗಿರುತ್ತವೆ. 1905ರ ಸ್ವದೇಶಿ ಚಳವಳಿಯಲ್ಲಿ ದುಬಾರಿಯಾದರೂ ದೇಶೀ ಬಟ್ಟೆಯನ್ನು ಕೊಂಡವರ ನಿಷ್ಠೆ ತತ್ತ್ವದಿಂದ ಹುಟ್ಟಿತು. ಇಲ್ಲಿನದು ಬಹುಮಟ್ಟಿಗೆ ಬಾಕಿಯಿಂದ. ಬಾಕಿದಾರನು ಬೆಲೆ ಚರ್ಚಿಸಲಾರ. ಫಸಲನ್ನೂ ಸಾಲ ಕೊಟ್ಟವನಿಗೇ ಅಳೆದುಕೊಟ್ಟರೆ ಎರಡು ಸಲ ತೆತ್ತಂತಾಗುತ್ತದೆ. 1966ರ ಮಾರುಕಟ್ಟೆ ಕಾಯಿದೆಯು ಬಹಿರಂಗ ಹರಾಜಿನಿಂದ ಈ ಎರಡನೆಯ ನಷ್ಟವನ್ನು ತಡೆಯಲೆಳಸಿತು; ಮೊದಲನೆಯದನ್ನು ಮುಟ್ಟಲಿಲ್ಲ. ನಗದುಳ್ಳವನೂ ಅಲ್ಲಿಯೇ ಕೊಳ್ಳುತ್ತಾನಲ್ಲ, ಏಕೆ? ಮುಂದಿನ ಬರಗಾಲದ ಉದ್ರಿಗೆ ಅವನು ಈಗಲೇ ಕಂತು ಕಟ್ಟುತ್ತಿದ್ದಾನೆಂದು ನಮಗೆ ತೋರುತ್ತದೆ.