ನಾಯಿಗೊಂದು ಹೆಸರು ಬೇಕಾಗಿದೆ!

ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ನಾಯಿ ತಂದಿದ್ದೀರಂತೆ, ಏನು ಹೆಸರಿಟ್ಟಿರಿ?" ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು, ಆದರೆ ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎರಡು ವಾರ ಚರ್ಚೆ ನಡೆದಿತ್ತು! ಜಪಾನಿನಲ್ಲಿ ನಾಯಿ, ಬೆಕ್ಕು ಸಾಕಬೇಕೆಂದಿರುವ ನಮ್ಮವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಯೊಕೊಹಾಮಾದಲ್ಲಿ. ಸಾಕುಪ್ರಾಣಿಗೆ ಒಪ್ಪುವ ಬಾಡಿಗೆ ಮನೆ ಸಿಕ್ಕಿದ ಮೇಲೆ, ಅನಾಥ ನಾಯಿಗಳನ್ನು ದತ್ತು ಕೊಡುವವರಿಂದ ಒಂದು ವರ್ಷದ ಹೆಣ್ಣುನಾಯಿಯೊಂದನ್ನು ಮನೆಗೆ ತಂದೆವು. ಮೈಬಣ್ಣ ಥೇಟ್ ಹುರಿದ ಗೋಡಂಬಿ. ನಮ್ಮ ಯಜಮಾನರು ತಕ್ಷಣ "ಲಕ್ಷ್ಮಿ" ಅಂದರು. ಹತ್ತು ವರ್ಷದ ಮಗಳು ಒಪ್ಪಲಿಲ್ಲ. "ಇಲ್ಲಿ ಅದು ರಕುಶುಮಿ ಆಗತ್ತೆ ಅಪ್ಪಾ" ಅಂದಳು.

ಅವಳು ಹೇಳಿದ್ದು ಸರಿ. ಜಪಾನಿ ಭಾಷೆಯಲ್ಲಿ ಲಕಾರ ಬೇರೆ, ರಕಾರ ಬೇರೆ ಅಂತ ಇಲ್ಲ. ವಕಾರ ಬಕಾರವಾಗುತ್ತದೆ. ಒತ್ತಕ್ಷರ ಬಂದರೆ ನಡುವೆ ಸ್ವರ ಸೇರಿ ಹೆಸರು ಉದ್ದವಾಗುತ್ತದೆ. ಮಗಳ ಹೆಸರಿನಲ್ಲಿ ಲಕಾರ, ವಕಾರ ಎರಡೂ ಇವೆ; ಶಾಲೆಯಲ್ಲಿ ದಿನಾ ಹಾಜರಿ ಕರೆಯುವಾಗ ಅದು ಏನಾಗುತ್ತದೆಂದು ಅವಳಿಗೇ ಗೊತ್ತು. "ನನ್ನ ಹೆಸರಂತೂ ಯಾರಿಗೂ ಬರಲ್ಲ. ಇದರ ಹೆಸರಾದ್ರೂ ಎಲ್ಲರಿಗೂ ಸರಿಯಾಗಿ ಬರಲಿ" ಅಂದಳು. ಅಲ್ಲಿಯವರೆಗೆ ತಮಾಷೆ ಮಾಡುತ್ತಿದ್ದ ನಾವಿಬ್ಬರೂ ಸುಮ್ಮನಾದೆವು. ಜಪಾನಿ ಹೆಸರೇ ಇಡೋಣ ಎಂದು ತೀರ್ಮಾನವಾಯಿತು.

ಇಲ್ಲಿಯವರು ಹೆಸರು ಇಡುವ ಕ್ರಮವನ್ನು ಸ್ವಲ್ಪ ನೋಡಿದೆ. ಮೊದಲನೆಯದು ಬಣ್ಣ. ಬಿಳಿಯದಾದರೆ ಶಿರೊ, ಕಪ್ಪಾದರೆ ಕುರೊ. ನಮ್ಮಲ್ಲಿ ಕರಿಯ, ಕೆಂಪಿ ಅನ್ನುವಂತೆಯೇ! ಮೂರು ಬಣ್ಣದ ಬೆಕ್ಕು ಮಿಕೆ. 'ಮಿ' ಎಂದರೆ ಮೂರು, 'ಕೆ' ಎಂದರೆ ಕೂದಲು. ಇಂಥ ಬೆಕ್ಕುಗಳು ಬಹುತೇಕ ಎಲ್ಲವೂ ಹೆಣ್ಣೇ. ಪಟ್ಟೆ ಇದ್ದರೆ ತೊರ, ಅಂದರೆ ಹುಲಿ. ಪೊಚಿ ಎಂಬುದು ನಾಯಿಗೂ ತಮ ಎಂಬುದು ಬೆಕ್ಕಿಗೂ ಹಳೆಯ ಕಾಲದ ಹೆಸರುಗಳು.

ಎರಡನೆಯದು ತಿಂಡಿ. ಮೊಚಿ, ಅಂಕೊ (ಸಿಹಿ ಕಾಳಿನ ಹೂರಣ), ಗೊಮ (ಎಳ್ಳು), ಕಿನಕೊ. ಈ ಕಿನಕೊ ಹುರಿದ ಸೋಯಾ ಕಾಳಿನ ಹಿಟ್ಟು, ನಮ್ಮ ಹುರಿಹಿಟ್ಟಿನ ಬಳಗದ್ದು. ಬೆಕ್ಕುಗಳಿಗೆ ಈಚೆಗೆ ಬಹಳ ಮೆಚ್ಚಿನ ಹೆಸರು ಮುಗಿ, ಅಂದರೆ ಗೋಧಿ, ಬಾರ್ಲಿ. ಕನ್ನಡದವರು ಕೂಗಿದರೆ ಮಾತ್ರ ಏನೋ ಮುಗಿದೇ ಹೋಯಿತು ಅನ್ನಿಸುತ್ತದೆ!

ಮೂರನೆಯದು ಪ್ರಕೃತಿ. ಸೊರ (ಆಕಾಶ), ಹನ (ಹೂವು), ಹರು (ವಸಂತ), ಯುಕಿ (ಹಿಮ). ಇವು ಮಕ್ಕಳ ಹೆಸರುಗಳೂ ಹೌದು. ಪಕ್ಕದ ಮನೆಯಲ್ಲಿ ಹನ ಎಂಬ ಹುಡುಗಿ ಇದ್ದರೆ ಸ್ವಲ್ಪ ಯೋಚಿಸಿ.

ಇಲ್ಲಿ ಹೆಸರುವಾಸಿಯಾದ ಪ್ರಾಣಿಗಳನ್ನು ನೀವೂ ಬಲ್ಲಿರಿ. ಶಿಬುಯಾ ನಿಲ್ದಾಣದ ಹಚಿಕೋನ ನಿಜ ಹೆಸರು ಹಚಿ, ಅಂದರೆ ಎಂಟು. ಕೊನೆಯ 'ಕೋ' ಪ್ರೀತಿಯಿಂದ ಜನ ಸೇರಿಸಿದ್ದು. 1923ರಲ್ಲಿ ಹುಟ್ಟಿದ ಈ ಅಕಿತಾ ನಾಯಿ, ಯಜಮಾನರಾದ ಪ್ರೊಫೆಸರ್ ಉಎನೊ 1925ರಲ್ಲಿ ತೀರಿಕೊಂಡ ಮೇಲೂ 1935ರಲ್ಲಿ ತಾನು ಸಾಯುವವರೆಗೆ ಅವರಿಗಾಗಿ ಕಾಯಿತು. ವಾಕಯಾಮಾ ಪ್ರಾಂತ್ಯದ ಕಿಶಿ ನಿಲ್ದಾಣಕ್ಕೆ 2007ರಲ್ಲಿ ಸ್ಟೇಷನ್ ಮಾಸ್ಟರ್ ಆದ ಬೆಕ್ಕಿನ ಹೆಸರು ತಮ. 2015ರಲ್ಲಿ ಅದು ತೀರಿಕೊಂಡಾಗ ಹುದ್ದೆಗೆ ಬಂದ ಬೆಕ್ಕು ನಿತಮ, ಅಂದರೆ ಎರಡನೆಯ ತಮ. ಇನ್ನು ನತ್ಸುಮೆ ಸೋಸೆಕಿ 1905ರಲ್ಲಿ ಬರೆಯಲು ಆರಂಭಿಸಿದ ಪ್ರಸಿದ್ಧ ಕಾದಂಬರಿಯಲ್ಲಿ ಕಥೆ ಹೇಳುವುದೇ ಒಂದು ಬೆಕ್ಕು. ಪಾಪ, ಅದಕ್ಕೆ ಕೊನೆಯವರೆಗೂ ಯಾರೂ ಹೆಸರಿಡುವುದಿಲ್ಲ!

ಈಗ ಕೆಲವು ಕಿವಿಮಾತು:

1. ಹ್ರಸ್ವ-ದೀರ್ಘ ನೋಡಿಕೊಳ್ಳಿ. ಕುರೊ ಅಂದರೆ ಕಪ್ಪು, ಕುರೋ ಅಂದರೆ ಕಷ್ಟ. ಯುಕಿ ಹಿಮ, ಯೂಕಿ ಧೈರ್ಯ. ಒ-ಓ, ಎ-ಏ ಬೇರೆ ಬೇರೆ ಇರುವ ನಮ್ಮ ಲಿಪಿಯಲ್ಲಿ ಇವನ್ನು ತಪ್ಪಿಲ್ಲದೆ ಬರೆದುಕೊಳ್ಳಬಹುದು.

2. ಎರಡಕ್ಷರದ ಹೆಸರು ಒಳ್ಳೆಯದು, ಪಾರ್ಕಿನಲ್ಲಿ ಕೂಗಲು ಸುಲಭ. ಆದರೆ ಆಜ್ಞೆಯ ಮಾತಿಗೆ ಹತ್ತಿರವಿರಬಾರದು. 'ದಮೆ' ಎಂದರೆ ಬೇಡ, ಕೂಡದು. ನಾಯಿಗೆ ಮಮೆ (ಕಾಳು) ಎಂದು ಹೆಸರಿಟ್ಟರೆ ಅದಕ್ಕೆ ಗೊಂದಲವಾಗಬಹುದು.

3. ಹೆಸರು ಕಾಗದಕ್ಕೂ ಹೋಗುತ್ತದೆ. 1950ರ ರೇಬೀಸ್ ತಡೆ ಕಾನೂನಿನಂತೆ ಮೂರು ತಿಂಗಳು ದಾಟಿದ ನಾಯಿಯನ್ನು, ಮನೆಗೆ ತಂದ 30 ದಿನದೊಳಗೆ ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಚುಚ್ಚುಮದ್ದು ಪ್ರತಿ ವರ್ಷ ಹಾಕಿಸಬೇಕು. ಬೆಕ್ಕಿಗೆ ಈ ನೋಂದಣಿ ಇಲ್ಲ. 2022ರ ಜೂನ್‌ನಿಂದ ಮಾರುವವರು ನಾಯಿ, ಬೆಕ್ಕು ಎರಡಕ್ಕೂ ಮೈಕ್ರೋಚಿಪ್ ಹಾಕಿಸಲೇಬೇಕು. ಕೊಂಡವರು 30 ದಿನದೊಳಗೆ ಅದನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು.

4. ಎಲ್ಲಕ್ಕಿಂತ ಮುಖ್ಯ, ಊರಿಗೆ ಫೋನ್ ಮಾಡಿ ಒಮ್ಮೆ ಕೇಳಿ!

ಈ ನಾಲ್ಕನೆಯದನ್ನು ಕಲಿಸಿದ್ದು ಹಾಸನದಲ್ಲಿರುವ ನನ್ನ ಅಮ್ಮ. ಬಣ್ಣ ನೋಡಿ ಮಗಳು ಆರಿಸಿದ್ದು ಕುರಿ ಎಂಬ ಹೆಸರು. ಜಪಾನಿಯಲ್ಲಿ ಚೆಸ್ಟ್‌ನಟ್ ಕಾಯಿಗೆ ಕುರಿ ಅನ್ನುತ್ತಾರೆ, ಬಣ್ಣಕ್ಕೆ ಸರಿಯಾಗಿ ಒಪ್ಪಿತ್ತು. ಭಾನುವಾರ ಫೋನಿನಲ್ಲಿ ಅದನ್ನು ಹೇಳಿದಾಗ ಅಮ್ಮ ನಕ್ಕು ನಕ್ಕು ಸುಸ್ತಾದರು. "ಅಲ್ಲಾ ಕಣೇ, ನಾಯೀನ ಹಿಡ್ಕೊಂಡು ಕುರಿ ಅಂತೀರಲ್ಲೇ! ಅದಿನ್ನೂ ಮರಿ ಅಲ್ವೇನೇ?"

ಮಗಳು ತಟ್ಟನೆ ತಲೆಯೆತ್ತಿದಳು. "ಮರಿ? ಅದು ಇಲ್ಲೂ ಇದೆ ಅಜ್ಜೀ!" ನಿಜ. ಮರಿ ಎಂಬುದು ಇಲ್ಲಿ ಹೆಣ್ಣುಮಕ್ಕಳ ಹೆಸರು. ಬಣ್ಣದ ದಾರ ಸುತ್ತಿ ಮಾಡುವ ಹಳೆಯ ಕಾಲದ ಚೆಂಡಿಗೂ ಮರಿ ಅನ್ನುತ್ತಾರೆ. ಲಕಾರವಿಲ್ಲ, ವಕಾರವಿಲ್ಲ, ಒತ್ತಕ್ಷರವೂ ಇಲ್ಲ. ಯಾರೂ ಕೆಡಿಸಲು ಸಾಧ್ಯವಿಲ್ಲ.

ಒಂದೇ ತೊಡಕು. ಅಮ್ಮ ಇಷ್ಟು ವರ್ಷ ಮಗಳನ್ನೇ "ಮರೀ" ಎಂದು ಕರೆಯುತ್ತಿದ್ದದ್ದು. "ನಿನ್ನ ಹೆಸರನ್ನ ಅದಕ್ಕೆ ಕೊಟ್ಬಿಡ್ತೀಯಾ?" ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜಿ ಇಬ್ಬರನ್ನೂ ಕರೀಲಿ" ಅಂದಳು.

ಮರುವಾರ ಪಶುವೈದ್ಯರ ಬಳಿಗೆ ಹೋದೆವು. ಇಲ್ಲಿ ಪ್ರಾಣಿಯನ್ನು ಮನೆತನದ ಹೆಸರು ಸೇರಿಸಿ, ಕೊನೆಗೆ 'ಚಾನ್' ಹಚ್ಚಿ ಕರೆಯುತ್ತಾರೆ. ನಮ್ಮ ಮನೆತನದ ಹೆಸರು ಎಂದಿನಂತೆ ಮೂರು ಕಡೆ ಮುರಿದೇ ಬಂತು. ಹಿಂದೆಯೇ "ಮರಿ-ಚಾನ್" ಎಂದು ಕರೆದದ್ದು ಮಾತ್ರ ಹಾಸನದ ನಮ್ಮ ಜಗಲಿಯಿಂದ ಕೂಗಿದಂತಿತ್ತು. ನಾಯಿ ಏಳುವ ಮೊದಲೇ ಮಗಳು "ಹಾಯ್!" ಎಂದು ಎದ್ದು ನಿಂತಿದ್ದಳು.

ನಿಮ್ಮ ಮನೆಯ ನಾಯಿ, ಬೆಕ್ಕುಗಳ ಹೆಸರು ಹೇಗೆ ಬಂತು? ಮುಂದಿನ ಸಂಚಿಕೆಗೆ ಬರೆದು ಕಳಿಸಿ. ದೀಪಾವಳಿಗೆ ಸಿಗೋಣ!